ಬಾಗಿಲು ತೆಗೆದರೆ ಕಡಲು: ಮೀಲೋಸ್ ದ್ವೀಪದಲ್ಲಿ ರೂಮು ಹಿಡಿಯುವ ಮುನ್ನ

ಗ್ರೀಸಿನ ಮೀಲೋಸ್ ದ್ವೀಪದ ಬೆಸ್ತರ ಹಳ್ಳಿ ಕ್ಲೀಮಾಕ್ಕೆ ಹೋದ ಮೊದಲ ಸಂಜೆಯೇ ನನ್ನ ಚಪ್ಪಲಿ ಕಡಲುಪಾಲಾಯಿತು. ನಮ್ಮ ಅಭ್ಯಾಸ ಗೊತ್ತಲ್ಲ, ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಿದ್ದೆ. ಅಲೆಯೇ ಇರಲಿಲ್ಲ, ನೀರು ಕೆರೆಯ ಹಾಗೆ ಸುಮ್ನೆ ಬಿದ್ದಿತ್ತು. ದೂರದಲ್ಲಿ ದೊಡ್ಡ ಹಡಗೊಂದು ಕೊಲ್ಲಿಯೊಳಗೆ ಬಂದು ಬಂದರಿನ ಕಡೆ ಹೋಯಿತು, ಎಷ್ಟು ಚೆನ್ನಾಗಿದೆ ಅಂತ ಕಿಟಕಿಯಲ್ಲಿ ನಿಂತು ನೋಡಿದೆವು, ಅದು ಕಣ್ಮರೆಯಾಗಿ ಸುಮಾರು ಹೊತ್ತಾದ ಮೇಲೆ ಅದು ಎಬ್ಬಿಸಿದ ಅಲೆ ನಿಧಾನಕ್ಕೆ ಬಂದು, ಕಟ್ಟೆ ಹತ್ತಿ, ಹೊಸ್ತಿಲಿಗೆ ಬಡಿದು, ಒಂದು ಜೊತೆ ಚಪ್ಪಲಿ ಎತ್ತಿಕೊಂಡು ವಾಪಸ್ ಹೋಯಿತು. ಮಾರನೇ ದಿನ ಪಕ್ಕದ ಮನೆಯ ಅಜ್ಜ ಎಡಗಾಲಿನದನ್ನು ಮಾತ್ರ ಕೊಕ್ಕೆಯಲ್ಲಿ ಎತ್ತಿ ತಂದುಕೊಟ್ಟರು.

ಗ್ರೀಸಿನ ದ್ವೀಪದಲ್ಲಿ ಕಡಲಿಗೆ ಅಂಟಿಕೊಂಡ ಪುಟ್ಟ ಹೋಟೆಲು ಬೇಕು ಅಂತ ಕೇಳುವವರಿಗೆಲ್ಲ ನಾನು ಈ ಕತೆಯನ್ನೇ ಮೊದಲು ಹೇಳುತ್ತೇನೆ. ನೋಟ ಚೆನ್ನಾಗಿದೆಯಾ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಅದು ಫೋಟೋದಲ್ಲೇ ಕಾಣುತ್ತದೆ. ಗಾಳಿ ಮತ್ತು ಮೆಟ್ಟಿಲು ಫೋಟೋದಲ್ಲಿ ಕಾಣುವುದಿಲ್ಲ. ಅವೆರಡನ್ನು ವಿಚಾರಿಸಿ ದುಡ್ಡು ಕಟ್ಟಿ.

ಮನೆ ಎಂಥದ್ದು ಅಂತ ಮೊದಲು ತಿಳಿದುಕೊಳ್ಳಿ

ಮೀಲೋಸ್ ಜ್ವಾಲಾಮುಖಿಯಿಂದ ಆದ ದ್ವೀಪ. ಸಿಕ್ಲಾಡಿಸ್ ದ್ವೀಪಗಳ ಗುಂಪಿನಲ್ಲಿ ನೈಋತ್ಯದ ತುದಿಗಿದೆ. ನಡುವೆ ದೊಡ್ಡ ಕೊಲ್ಲಿ, ಅದರ ಸುತ್ತ ಲಾಳದ ಹಾಗೆ ಬಾಗಿದ ನೆಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಕೈಯಿಲ್ಲದ ವೀನಸ್ ಮೂರ್ತಿ ಇದೆಯಲ್ಲ, ಅದು 1820ರಲ್ಲಿ ಸಿಕ್ಕಿದ್ದು ಇಲ್ಲೇ, ಕ್ಲೀಮಾದ ಮೇಲಿನ ಗುಡ್ಡದ ಹೊಲದಲ್ಲಿ.

ಇಲ್ಲಿನ ಬೆಸ್ತರ ಮನೆಗಳಿಗೆ ಸೀರ್ಮಾತಾ ಅಂತ ಹೆಸರು. ಎಳೆಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ನೀರಿನಂಚಿಗೇ ಬಂಡೆ ಕೊರೆದು ದೋಣಿ ಇಡಲು ಒಂದು ಕೊಟ್ಟಿಗೆ, ಚಳಿಗಾಲದಲ್ಲಿ ಅಲೆ ಜೋರಾದಾಗ ದೋಣಿಯನ್ನು ಅದರೊಳಗೆ ಎಳೆದು ಬಾಗಿಲು ಹಾಕುತ್ತಾರೆ. ಮೇಲಿನ ಅಂತಸ್ತಿನಲ್ಲಿ ಮನೆಯವರು. ಬಾಗಿಲುಗಳಿಗೆ ಕೆಂಪು, ನೀಲಿ, ಹಸಿರು, ಹಳದಿ ಬಣ್ಣ. ಈಗ ಇವುಗಳಲ್ಲಿ ಒಂದಷ್ಟನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಕ್ಲೀಮಾ, ಮಂದ್ರಾಕಿಯಾ, ಫಿರೊಪೊತಾಮೊಸ್, ಈ ಮೂರೂ ಕಡೆ ಇಂಥ ಮನೆಗಳಿವೆ.

ಚಂದ ಏನೋ ಸರಿ, ಆದರೆ ಅದು ದೋಣಿಗೆ ಕಟ್ಟಿದ ಮನೆ ಎಂಬುದನ್ನು ಮರೆಯಬೇಡಿ. ಒಳಗೆ ಇಕ್ಕಟ್ಟು. ಮಲಗುವ ಜಾಗಕ್ಕೆ ಕಡಿದಾದ ಮರದ ಏಣಿ. ಕ್ಲೀಮಾದಲ್ಲಿ ಬೀದಿ ಎನ್ನುವುದೇ ಇಲ್ಲ, ಮನೆ ಮುಂದೆ ಕಾಂಕ್ರೀಟಿನ ಕಟ್ಟೆ, ಅದರಾಚೆ ನೀರು. ಮರಳಿನ ದಂಡೆಯೂ ಇಲ್ಲ. ಎರಡು ವರ್ಷದ ಮಗು ಜೊತೆಗಿದ್ದರೆ ನೀವು ಒಂದು ನಿಮಿಷವೂ ಕೂರಲಾರಿರಿ. ಮಂಡಿನೋವಿನ ಅಪ್ಪ ಅಮ್ಮ ಇದ್ದರೆ ಅವರು ಏಣಿ ನೋಡಿಯೇ ಬೇಡ ಅನ್ನುತ್ತಾರೆ. ಅಂಥವರಿಗೆ ನನ್ನ ಆಯ್ಕೆ ಈಶಾನ್ಯದ ಪೊಲೋನಿಯಾ ಊರು. ಸಣ್ಣ ಮರಳು ದಂಡೆ, ನಾಲ್ಕು ಹೆಜ್ಜೆಗೆ ಊಟದ ಅಂಗಡಿ, ಮನೆಯವರೇ ನಡೆಸುವ ಹತ್ತು ಹನ್ನೆರಡು ರೂಮಿನ ಹೋಟೆಲುಗಳು. ಕಾರು ಹಿಡಿಯದೆ ಬಸ್ಸಿನಲ್ಲೇ ಓಡಾಡುತ್ತೇವೆ ಅನ್ನುವವರು ಬಂದರಿನ ಊರು ಆದಾಮಾಸ್‌ನಲ್ಲೇ ಇರುವುದು ಒಳ್ಳೆಯದು. ಕ್ಲೀಮಾಗೆ ಹೋಗಬೇಕಾದರೆ ಬಸ್ಸು ಮೇಲಿನ ಟ್ರಿಪಿತಿವರೆಗೆ ಬಿಡುತ್ತದೆ, ಅಲ್ಲಿಂದ ಇಳಿಜಾರು. ಇಳಿಯುವುದು ಸುಲಭ. ಸೂಟ್‌ಕೇಸ್ ಹೊತ್ತು ಹತ್ತುವ ದಿನ ಗೊತ್ತಾಗುತ್ತದೆ.

ತಿಂಗಳು ಆರಿಸುವುದು

ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಟೆಲುಗಳು ತೆರೆದಿರುತ್ತವೆ, ಚಳಿಗಾಲದಲ್ಲಿ ಬಹಳಷ್ಟು ಬಾಗಿಲು ಹಾಕುತ್ತವೆ. ನಮ್ಮ ಬೇಸಿಗೆ ರಜೆಗೆ ಸರಿಹೊಂದುವುದು ಮೇ ತಿಂಗಳು, ಗುಡ್ಡದ ತುಂಬ ಹೂವು, ಜನ ಕಡಿಮೆ, ಆದರೆ ನೀರು ಇನ್ನೂ ತಣ್ಣಗೆ, ಗೋಕರ್ಣದಲ್ಲಿ ಈಜಿ ಅಭ್ಯಾಸವಾದ ಮೈಗೆ ಮೊದಲ ಮುಳುಗು ಬೈಗುಳ ಬರಿಸುತ್ತದೆ. ಬೆಚ್ಚನೆ ನೀರು ಬೇಕಿದ್ದರೆ ಸೆಪ್ಟೆಂಬರ್. ನನ್ನ ವೋಟು ಅದಕ್ಕೇ. ಆಗಸ್ಟ್ 15 ಮೇರಿಯಮ್ಮನ ಹಬ್ಬ, ಇಡೀ ಗ್ರೀಸ್ ದ್ವೀಪಗಳಿಗೆ ಹೊರಟಿರುತ್ತದೆ, ಆ ವಾರ ಹಡಗಿನಲ್ಲಿ ಜಾಗವೂ ಕಷ್ಟ. ಅವರ ಈಸ್ಟರ್ ದಿನ ನಮ್ಮ ಕ್ಯಾಲೆಂಡರಿನ ಈಸ್ಟರ್‌ಗಿಂತ ಎಷ್ಟೋ ಸಲ ಬೇರೆ, 2027ರಲ್ಲಿ ಮೇ 2ಕ್ಕೆ ಬರುತ್ತದೆ. ಆಗಲೂ ಮುಂಚೆಯೇ ಬುಕ್ ಮಾಡಬೇಕು.

ಜುಲೈ, ಆಗಸ್ಟ್‌ನಲ್ಲಿ ಮೆಲ್ತೇಮಿ ಬೀಸುತ್ತದೆ. ಉತ್ತರದ ಗಾಳಿ. ನಮಗೆ ಜೋರು ಗಾಳಿ ಅಂದರೆ ಮಳೆ ಮೋಡದ ಜೊತೆ ಬರುವಂಥದ್ದು, ಅಲ್ವಾ? ಇಲ್ಲಿ ಆಕಾಶದಲ್ಲಿ ಒಂದು ಚೂರು ಮೋಡ ಇರುವುದಿಲ್ಲ, ಬಿಸಿಲು ಫಳಫಳ ಹೊಳೆಯುತ್ತಿರುತ್ತದೆ, ಆದರೆ ಮೇಜಿನ ಮೇಲಿನ ಬ್ರೆಡ್ಡಿನ ಬುಟ್ಟಿ ಹಾರಿಹೋಗುತ್ತದೆ. ಹಿಡಿದರೆ ಮೂರು ದಿನ, ನಾಲ್ಕು ದಿನ ಬಿಡುವುದಿಲ್ಲ. ಊಟದ ಅಂಗಡಿಯವರು ಮೇಜಿನ ಹಾಸನ್ನು ಕ್ಲಿಪ್ಪು ಹಾಕಿ ಬಿಗಿದಿರುವುದು ನೋಡಿದರೆ ಅಂದಾಜಾಗುತ್ತದೆ. ಉತ್ತರ ದಂಡೆಯ ಮಂದ್ರಾಕಿಯಾಕ್ಕೆ ಈ ಗಾಳಿ ನೇರ ಬಡಿಯುತ್ತದೆ. ಕ್ಲೀಮಾ ಕೊಲ್ಲಿಯೊಳಗೆ, ಬೆನ್ನಿಗೆ ಗುಡ್ಡ ಇಟ್ಟುಕೊಂಡಿರುವುದರಿಂದ ಉತ್ತರದ ಗಾಳಿಗೆ ಅಷ್ಟು ಬೆದರುವುದಿಲ್ಲ, ಪಶ್ಚಿಮ ಅಥವಾ ದಕ್ಷಿಣದಿಂದ ಬಂದರೆ ಮಾತ್ರ ಹೊಸ್ತಿಲು ಒದ್ದೆ.

ಬುಕ್ ಮಾಡುವ ಮುಂಚೆ ಕೇಳಬೇಕಾದ್ದು

ಬುಕಿಂಗ್ ಸೈಟಿನಲ್ಲಿ ರೂಮು ಹುಡುಕಿ, ಪರವಾಗಿಲ್ಲ. ಆದರೆ ಆಮೇಲೆ ಮಾಲೀಕರಿಗೆ ಒಂದು ಮೆಸೇಜು ಕಳಿಸಿ. ಸಣ್ಣ ಹೋಟೆಲುಗಳಲ್ಲಿ ಉತ್ತರ ಬರೆಯುವವರು, ರೂಮು ಗುಡಿಸುವವರು, ಬಂದರಿಗೆ ಕಾರು ತರುವವರು ಎಲ್ಲ ಒಬ್ಬರೇ. ನಾನು ಕೇಳುವುದು ಇಷ್ಟು:

ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಒಳಗೆ ಏಣಿಯೋ ಮೆಟ್ಟಿಲೋ? ನಾವು ಬರುವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ, ಮುಂದಿನ ಕಟ್ಟೆಯಲ್ಲಿ ಕೂರಲು ಆಗುತ್ತದೆಯೇ? ಎರಡು ಸಿಂಗಲ್ ಮಂಚ ಕೂಡಿಸಿ ಡಬಲ್ ಅನ್ನುತ್ತೀರಾ? ಎಸಿ ಎಲ್ಲ ಕೋಣೆಗೂ ಇದೆಯೇ? ಅಡುಗೆ ಒಲೆ ಇದೆಯೇ? ಹಡಗು ರದ್ದಾಗಿ ಒಂದು ದಿನ ತಡವಾದರೆ ಆ ರಾತ್ರಿಯ ದುಡ್ಡು ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರ ನೋಡಿದರೆ ಮಾಲೀಕರು ಎಂಥವರು ಅಂತ ತಿಳಿಯುತ್ತದೆ. ನನಗೆ ಒಬ್ಬರು "ಗಾಳಿ ನಿಮ್ಮದೂ ಅಲ್ಲ ನಮ್ಮದೂ ಅಲ್ಲ, ಅರ್ಧ ಕೊಡಿ" ಅಂತ ಬರೆದಿದ್ದರು. ಅಲ್ಲೇ ಉಳಿದೆವು.

ಇನ್ನೊಂದು. ಬಾಡಿಗೆ ಮನೆಯಾದರೆ ಜಾಹೀರಾತಿನಲ್ಲಿ ಎಎಂಎ ಅನ್ನುವ ನೋಂದಣಿ ಸಂಖ್ಯೆ ಇರಬೇಕು. ಹೋಟೆಲಾದರೆ ಎಂಎಚ್‌ಟಿಇ ಸಂಖ್ಯೆ. ಅದಿಲ್ಲದೆ ಮುಂಗಡ ಕಳಿಸಿ ಅನ್ನುವವರ ಸಹವಾಸ ಬೇಡ. ಬಾಡಿಗೆಯ ಜೊತೆಗೆ ಸರ್ಕಾರದ ಹವಾಮಾನ ಶುಲ್ಕ ಬೇರೆ ಇರುತ್ತದೆ, ಅದು ತಲೆಗೆ ಇಷ್ಟು ಅಂತ ಅಲ್ಲ, ರೂಮಿಗೆ, ಒಂದು ರಾತ್ರಿಗೆ. 2025ರ ದರದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು, ಎರಡು ಸ್ಟಾರಿನ ಹೋಟೆಲಿಗೆ 2 ಯೂರೋ, ಮೂರಕ್ಕೆ 5, ನಾಲ್ಕಕ್ಕೆ 10, ಐದಕ್ಕೆ 15. ಸೈಟಿನಲ್ಲಿ ಹಿಡಿಯುವ ಬಾಡಿಗೆ ಫ್ಲಾಟಿಗೆ 8. ಅಲ್ಲಿ ಹೋದ ಮೇಲೆ ಕೇಳುತ್ತಾರೆ. ಮೋಸ ಅಂತ ಜಗಳ ಮಾಡಬೇಡಿ.

ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು. ನಿಜ ಹೇಳಬೇಕಂದರೆ ಎರಡು ಮೂರು ತಿಂಗಳು ಮುಂಚೆಯೇ ಹಾಕಿಬಿಡಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ವಿಮೆ ಬೇಕು. ರೂಮು ಬುಕ್ ಮಾಡಿದ ಕಾಗದವನ್ನೂ ಕೇಳುತ್ತಾರೆ, ಆದ್ದರಿಂದ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗನ್ನೇ ಮಾಡಿ, ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಅದರಲ್ಲಿ ಇರಲಿ. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ಲಾಗಿರುವ ನಮ್ಮಂಥವರು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

ಅಲ್ಲಿ ಸ್ಕೂಟರೋ ಕಾರೋ ಬಾಡಿಗೆಗೆ ಹಿಡಿಯುವುದಾದರೆ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಲೈಸೆನ್ಸಿನಲ್ಲಿ ಬರೀ ಕಾರು ಇದ್ದು ನೀವು ಸ್ಕೂಟರ್ ಓಡಿಸಿ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಹೋಗಿ ಸೇರುವುದು

ಬೆಂಗಳೂರಿನಿಂದ ದುಬೈ ಅಥವಾ ದೋಹಾ ಮೇಲೆ ಅಥೆನ್ಸ್. ಅಲ್ಲಿಂದ ಮೀಲೋಸ್‌ಗೆ ಪುಟ್ಟ ವಿಮಾನ ಇದೆ, ಮುಕ್ಕಾಲು ಗಂಟೆಯ ಹಾರಾಟ. ಆದರೆ ಹಡಗಿನಲ್ಲಿ ಹೋಗಿ. ವಿಮಾನ ನಿಲ್ದಾಣದಿಂದ ಮೆಟ್ರೋ ಮೂರನೇ ಲೈನು ನೇರ ಪಿರೇಯಸ್ ಬಂದರಿಗೇ ಹೋಗುತ್ತದೆ, ಸುಮಾರು ಒಂದು ಗಂಟೆ, ಟಿಕೆಟ್ 9 ಯೂರೋ. ಮೆಟ್ರೋದಲ್ಲಿ ಜೇಬುಗಳ್ಳರಿದ್ದಾರೆ, ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ಪಿರೇಯಸ್ ದೊಡ್ಡ ಬಂದರು, ಹಡಗು ಯಾವ ಗೇಟಿನಿಂದ ಅಂತ ಟಿಕೆಟಿನಲ್ಲಿ ನೋಡಿಕೊಂಡು ಹೋಗಿ. ಒಂದು ಗೇಟಿಂದ ಇನ್ನೊಂದಕ್ಕೆ ಬಿಸಿಲಲ್ಲಿ ಲಗೇಜು ಎಳೆದು ಓಡುವ ಕಷ್ಟ ಯಾರಿಗೂ ಬೇಡ.

ವೇಗದ ಹಡಗು ಮೂರು ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ, ನಿಧಾನದ್ದು ಐದರಿಂದ ಏಳು ಗಂಟೆ. ಎಲ್ಲರೂ ವೇಗದ್ದನ್ನೇ ಹಿಡಿಯುತ್ತಾರೆ. ನಾನು ಹೇಳುವುದು ಉಲ್ಟಾ. ವೇಗದ ಹಡಗಿನಲ್ಲಿ ಒಳಗೇ ಕೂರಬೇಕು, ಗಾಳಿ ಎದ್ದರೆ ಕುಲುಕಾಟ ಜಾಸ್ತಿ, ರದ್ದಾಗುವುದೂ ಮೊದಲು ಅದೇ. ನಿಧಾನದ್ದರಲ್ಲಿ ಡೆಕ್ಕಿನ ಮೇಲೆ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಬಹುದು. ಗಾಳಿ ತೀರಾ ಜೋರಾದರೆ ಬಂದರಿನ ಅಧಿಕಾರಿಗಳು ಹಡಗು ಬಿಡಬಾರದು ಅಂತ ಆದೇಶ ಹೊರಡಿಸುತ್ತಾರೆ, ಅದಕ್ಕೆ ಅಪಗೊರೆಫ್ತಿಕೊ ಅಂತ ಹೆಸರು. ಈ ಮಾತು ಕಿವಿಗೆ ಬಿದ್ದರೆ ಇನ್ನೊಂದು ಕಾಫಿ ಹೇಳಿ ಕೂತುಬಿಡಿ.

ಪುಳಿಯೋಗರೆ ಅಂದ ಮೇಲೆ ಒಂದು ಎಚ್ಚರಿಕೆ. ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ತರುವ ಹಾಗಿಲ್ಲ, ಅಂದರೆ ತುಪ್ಪದ ಬಾಟಲಿ, ಪೇಡಾ ಎಲ್ಲ ಹೋಯಿತು. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಒಣ ಸಾರಿನಪುಡಿ ಹಾಕಿಕೊಳ್ಳಿ, ಸಾಕು.

ಮನೆಯೊಳಗೆ

ಬಂದ ತಕ್ಷಣ ಮನೆಯೊಡತಿಗೆ ನಮಸ್ಕಾರ ಹೇಳಿ. ಅಲ್ಲಿ ಹೆಂಗಸರನ್ನು ಗೌರವದಿಂದ ಕಿರಿಯಾ ಅಂತ ಕರೆಯುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯನ್ನು ಕಿರಿಯಾ ಅನ್ನಲು ನನಗೆ ಎರಡು ದಿನ ನಗು ತಡೆಯಲಾಗಲಿಲ್ಲ. ಅವರು ನೇ ಅಂದರೆ ಹೌದು. ಓಹಿ ಅಂದರೆ ಇಲ್ಲ, ನಮ್ಮ ಕಿವಿಗೆ ಓಹೋ ಅಂದ ಹಾಗೆ ಕೇಳುತ್ತದೆ, ಒಪ್ಪಿದರು ಅಂದುಕೊಂಡು ಖುಷಿಪಡುತ್ತೀರಿ. ಹುಬ್ಬೇರಿಸಿ ಚ್ ಅಂದರೂ ಇಲ್ಲ ಅಂತಲೇ. ಅದು ನಮ್ಮೂರಿನ ಹಾಗೇ, ಅಭ್ಯಾಸ ಬೇಕಿಲ್ಲ.

ಮೊದಲು ಬಾತ್‌ರೂಮು. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬಾರದು, ಪಕ್ಕದ ಮುಚ್ಚಳದ ಬುಟ್ಟಿಗೆ ಹಾಕಬೇಕು, ಪೈಪು ಸಣ್ಣದು, ಕಟ್ಟಿಕೊಳ್ಳುತ್ತದೆ. ಹೆಲ್ತ್ ಫಾಸೆಟ್ ಇರುವುದಿಲ್ಲ, ನಮ್ಮವರು ಹೇಗಿದ್ದರೂ ಒಂದು ಮಗ್ಗು ಹುಡುಕಿಕೊಳ್ಳುತ್ತಾರೆ. ಬಿಸಿನೀರಿಗೆ ಸ್ವಿಚ್ಚು ಎಷ್ಟೋ ಕಡೆ ಮೀಟರ್ ಬೋರ್ಡಿನಲ್ಲಿರುತ್ತದೆ, ಎಲ್ಲಿ ಅಂತ ತೋರಿಸಿಕೊಳ್ಳಿ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಆಮೇಲೆ ಆರಿಸಿ. ಟ್ಯಾಂಕು ಪುಟ್ಟದು, ಬೆಂಗಳೂರಿನ ಹಾಗೆ ಬಕೆಟ್ಟುಗಟ್ಟಲೆ ಸುರಿದುಕೊಂಡರೆ ಎರಡನೆಯವರಿಗೆ ತಣ್ಣೀರೇ ಗತಿ. ದ್ವೀಪದಲ್ಲಿ ನೀರು ದುಬಾರಿ ಸರಕು. ಕುಡಿಯಲು ಬಾಟಲಿ ನೀರು ತನ್ನಿ. ಪ್ಲಗ್ಗು ದುಂಡನೆಯ ಎರಡು ಪಿನ್ನಿನದು, ಮೊಬೈಲ್ ಚಾರ್ಜರು ಹಾಗೇ ಕೂರುತ್ತದೆ, ಮೂರು ಪಿನ್ನಿನ ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು.

ಬಟ್ಟೆ ಒಣಗಲು ಹಾಕಿದರೆ ಕ್ಲಿಪ್ಪು ಹಾಕಿ, ಅದೂ ಎರಡೆರಡು. ಚಪ್ಪಲಿ ಒಳಗೆ ಇಡಿ. ಇನ್ನು ಹೇಳುವುದಿಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ, ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಸದ್ದು ಮಾಡಬಾರದು, ಅದು ಅಲ್ಲಿ ಕಾನೂನು. ಅಂಟಿಕೊಂಡ ಮನೆಗಳು, ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ಊರಿಗೆ ವಿಡಿಯೋ ಕಾಲ್ ಮಾಡಿ "ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ" ಅಂತ ಕೂಗುವುದನ್ನು ಸಂಜೆಗೆ ಇಟ್ಟುಕೊಳ್ಳಿ. ಕ್ಲೀಮಾದಲ್ಲಿ ಇನ್ನೊಂದು ಕಿರಿಕಿರಿ ಇದೆ, ಸೂರ್ಯ ಮುಳುಗುವ ಹೊತ್ತಿಗೆ ಫೋಟೋ ತೆಗೆಯುವವರು ನಿಮ್ಮ ಬಾಗಿಲ ಮುಂದೆಯೇ ಬಂದು ನಿಲ್ಲುತ್ತಾರೆ. ಕಟ್ಟೆ ಎಲ್ಲರದೂ, ಏನೂ ಹೇಳುವ ಹಾಗಿಲ್ಲ. ಬಾಗಿಲು ತೆಗೆದಿಟ್ಟು ಬನಿಯನ್ನಿನಲ್ಲಿ ಕೂರಬೇಡಿ ಅಷ್ಟೇ, ಯಾವ ದೇಶದ ಆಲ್ಬಮ್ಮಿಗೆ ಹೋಗುತ್ತೀರೋ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಬರೀ ಸಲಾಡು ತಿಂದು ಬಂದೆ ಅನ್ನುವವರು ಕೇಳುವುದು ಗೊತ್ತಿಲ್ಲದೆ ಹಾಗೆ ಬಂದವರು. ನಿಸ್ತೀಸಿಮೊ ಅನ್ನುವ ಮಾತು ಕಲಿಯಿರಿ. ಉಪವಾಸದ ಅಡುಗೆ ಅಂತ ಅರ್ಥ. ಚರ್ಚಿನ ಉಪವಾಸದ ದಿನಗಳಲ್ಲಿ ಅವರು ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಬುಧವಾರ, ಶುಕ್ರವಾರ ಉಪವಾಸ, ಆಗಸ್ಟ್ 1ರಿಂದ 14ರವರೆಗೂ ಉಪವಾಸ. ಆದರೆ ಅವರ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ ನಡೆಯುತ್ತದೆ! ಆದ್ದರಿಂದ ಹೊರ್ತೊಫಾಗೊಸ್, ಅಂದರೆ ಸಸ್ಯಾಹಾರಿ, ಅಂತಲೂ ಸೇರಿಸಿ.

ಫಾವಾ ಅಂದರೆ ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿದ ಗಟ್ಟಿ ತೊವ್ವೆ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ. ನಿಂಬೆಹಣ್ಣು ಹಿಂಡಿ, ನಮ್ಮ ಚಟ್ನಿಪುಡಿ ಉದುರಿಸಿ ತಿಂದರೆ ಮನೆಯ ನೆನಪು ಅರ್ಧ ಕಡಿಮೆಯಾಗುತ್ತದೆ. ಗಿಗಾಂದೆಸ್ ಅಂದರೆ ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಅವರೆಯಂಥ ಕಾಳು. ಬ್ರಿಯಾಮ್ ಅಂದರೆ ಬದನೆ, ಆಲೂಗಡ್ಡೆ, ಸೋರೆಯಂಥ ಕಾಯಿ ಓವನ್ನಿನಲ್ಲಿ ಬೇಯಿಸಿದ್ದು. ಗೆಮಿಸ್ತಾ ಅಂದರೆ ಟೊಮೆಟೊ, ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿದ್ದು, ಕೆಲವರು ಅದಕ್ಕೆ ಮಾಂಸದ ಖೀಮಾ ಸೇರಿಸುತ್ತಾರೆ. ಕೇಳುವುದು ಸುಲಭ, ಅವರೂ ಅದನ್ನು ಕಿಮಾ ಅನ್ನುತ್ತಾರೆ, ಹೊರೀಸ್ ಕಿಮಾ ಅಂದರೆ ಖೀಮಾ ಬೇಡ. ಮೀಲೋಸ್‌ನದೇ ತಿಂಡಿ ಪಿತರಾಕಿಯಾ, ನಮ್ಮ ಕರ್ಜಿಕಾಯಿಯ ಆಕಾರ, ಒಳಗೆ ಚೀಸ್. ಕಲ್ಲಂಗಡಿ ಹಣ್ಣಿನ ಸಿಹಿ ಕರ್ಪುಜೋಪಿತಾ ಕೂಡ ಇಲ್ಲಿ ಮಾಡುತ್ತಾರೆ, ನನಗೆ ಹಿಡಿಸಲಿಲ್ಲ, ನನ್ನ ಹೆಂಡತಿ ದಿನಾ ತಿಂದಳು. ಬ್ರೆಡ್ಡು ಕೇಳದೇ ಇಡುತ್ತಾರೆ, ಬಿಲ್ಲಿನಲ್ಲಿ ಸೇರುತ್ತದೆ, ಅದು ಮಾಮೂಲು.

ಕಾರ್ಡು ಎಲ್ಲ ಕಡೆ ನಡೆಯುತ್ತದೆ. ಮೆಷಿನ್ನು ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ, ಯೂರೋ ಅನ್ನಿ. ರೂಪಾಯಿ ದರದಲ್ಲಿ ಅವರು ತಮ್ಮ ಪಾಲು ಸೇರಿಸಿರುತ್ತಾರೆ.

ದಿನಾ ಬೆಳಗ್ಗೆ

ಎದ್ದ ಕೂಡಲೇ ಧ್ವಜವೋ ಒಣಹಾಕಿದ ಟವೆಲ್ಲೋ ಯಾವ ಕಡೆ ಹಾರುತ್ತಿದೆ ನೋಡಿ. ಉತ್ತರದ ಗಾಳಿಯಾದರೆ ದಕ್ಷಿಣಕ್ಕೆ ಹೋಗಿ, ಫಿರಿಪ್ಲಾಕಾ, ಪ್ರೊವಾತಾಸ್, ಪಾಲಿಯೊಹೋರಿ. ಪಾಲಿಯೊಹೋರಿಯಲ್ಲಿ ಮರಳಿನಡಿ ಜ್ವಾಲಾಮುಖಿಯ ಬಿಸಿ ಇನ್ನೂ ಇದೆ, ಆ ಮರಳಿನಲ್ಲಿ ಹೂತಿಟ್ಟು ಅಡುಗೆ ಬೇಯಿಸಿ ಕೊಡುತ್ತಾರೆ. ತ್ಸಿಗ್ರಾದೊ ದಂಡೆಗೆ ಹಗ್ಗ ಹಿಡಿದು, ಬಂಡೆಯ ಸಂದಿಯ ಏಣಿಯಲ್ಲಿ ಇಳಿಯಬೇಕು, ಸೀರೆ ಉಟ್ಟವರು ಮೇಲಿಂದ ನೋಡಿದರೆ ಸಾಕು. ದಕ್ಷಿಣದ ಗಾಳಿಯಾದರೆ ಉತ್ತರಕ್ಕೆ, ಸಾರಾಕೀನಿಕೊದ ಬಿಳಿ ಬಂಡೆಗಳಿಗೆ. ಅಲ್ಲಿ ನೆರಳು ಅನ್ನುವುದು ಇಲ್ಲ, ಬೆಳಗ್ಗೆ ಎಂಟರೊಳಗೆ ಹೋಗಿ ಹತ್ತಕ್ಕೆ ವಾಪಸ್ ಬನ್ನಿ. ನೀರಿಗಿಳಿಯಲು ರಬ್ಬರಿನ ಶೂ ಇರಲಿ, ಬಂಡೆಗಳ ಮೇಲೆ ಮುಳ್ಳಿನ ಚೆಂಡಿನ ಹಾಗಿರುವ ಕಡಲ ಜೀವಿಗಳಿರುತ್ತವೆ, ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ.

ಹೊರಡುವ ದಿನ

ದ್ವೀಪದಿಂದ ಬಂದ ದಿನವೇ ಬೆಂಗಳೂರಿನ ವಿಮಾನ ಹತ್ತುವ ಹಾಗೆ ಪ್ಲಾನು ಮಾಡಬೇಡಿ. ನಾವು ಮಾಡಿದ್ದೆವು. ಬೆಳಗ್ಗೆ ಆರಕ್ಕೆ ಮೊಬೈಲಿಗೆ ಮೆಸೇಜು, ಹಡಗು ರದ್ದು. ಹಡಗಿನ ಕಂಪನಿ ಟಿಕೆಟಿನ ದುಡ್ಡು ವಾಪಸ್ ಕೊಟ್ಟಿತು, ತಪ್ಪಿದ ವಿಮಾನದ ದುಡ್ಡು ಯಾರು ಕೊಡುತ್ತಾರೆ? ಕೊನೆಯ ರಾತ್ರಿ ಅಥೆನ್ಸಿನಲ್ಲಿ, ಮೆಟ್ರೋ ಹತ್ತಿರ ಒಂದು ರೂಮು ಹಿಡಿಯಿರಿ. ಹಡಗಿನ ಟಿಕೆಟ್ ಕೊಳ್ಳುವಾಗ ನಿಮ್ಮ ಮೊಬೈಲ್ ನಂಬರನ್ನು +91 ಸೇರಿಸಿ ಕೊಡಿ, ಮೆಸೇಜು ಅದಕ್ಕೇ ಬರುತ್ತದೆ. ಚೆಕ್‌ಔಟ್ ಹನ್ನೊಂದಕ್ಕೋ ಹನ್ನೆರಡಕ್ಕೋ ಇರುತ್ತದೆ, ಹಡಗು ಸಂಜೆಯಾದರೆ ಲಗೇಜು ಇಟ್ಟುಕೊಳ್ಳುತ್ತೀರಾ ಅಂತ ಹಿಂದಿನ ರಾತ್ರಿಯೇ ಮನೆಯೊಡತಿಯನ್ನು ಕೇಳಿ. ಕ್ಲೀಮಾದಿಂದ ಬಂದರಿಗೆ ಟ್ಯಾಕ್ಸಿಯನ್ನೂ ಆಗಲೇ ಹೇಳಿಸಿಡಿ, ದ್ವೀಪದಲ್ಲಿ ಟ್ಯಾಕ್ಸಿ ಕಡಿಮೆ, ಹಡಗು ಬರುವ ಹೊತ್ತಿಗೆ ಎಲ್ಲವೂ ಬಂದರಿನಲ್ಲೇ ನಿಂತಿರುತ್ತವೆ. ನಮ್ಮ ಕಿರಿಯಾ ತಮ್ಮ ಅಳಿಯನನ್ನೇ ಕಾರು ಕೊಟ್ಟು ಕಳಿಸಿದರು, ಜೊತೆಗೆ ಒಂದು ಡಬ್ಬಿ ಪಿತರಾಕಿಯಾ, ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಡಗಾಲಿನ ಚಪ್ಪಲಿ.